ಮೆಲ್ಲೋ ಟಿಕೆಟ್ ಕೊಳ್ಳುವ ಮುನ್ನ: ಸ್ವೀಡನ್ನಿಗೆ ಹೊಸದಾಗಿ ಬಂದವರಿಗೆ ಏಳು ಗೆಲುವುಗಳ ಕತೆ, ಒಂದು ಎಚ್ಚರಿಕೆ

ಫೆಬ್ರವರಿ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಮೆಸೇಜು ಗ್ಯಾರಂಟಿ. ಒಂದು, "ಸೋಮವಾರ ಫೀಕಾ (ಕಾಫಿ ಬಿಡುವು) ಹೊತ್ತಲ್ಲಿ ಎಲ್ಲರೂ ಯಾವುದೋ ಹಾಡಿನ ಬಗ್ಗೆ ಜಗಳ ಆಡ್ತಿದ್ರು, ಏನ್ರೀ ಅದು?" ಇನ್ನೊಂದು, ಅದಕ್ಕಿಂತ ಕೊಂಚ ತಡವಾಗಿ, ಪಟಾಕಿ ಎಮೋಜಿ ಸಮೇತ: "ಫೈನಲ್ ಟಿಕೆಟ್ ಸಿಕ್ತು!" ಮೊದಲನೆಯದಕ್ಕೆ ಉತ್ತರ ಕೊಡೋದು ಖುಷಿಯ ಕೆಲಸ. ಎರಡನೆಯದನ್ನು ಓದಿದಾಗ ಮಾತ್ರ ನನಗೆ ಎದೆ ಧಸಕ್ಕೆನ್ನುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯೂರೋವಿಷನ್ ಅಂದರೆ ಯುರೋಪಿನ ದೇಶಗಳು ಹಾಡು ಕಳಿಸಿ ಪೈಪೋಟಿ ನಡೆಸುವ ವಾರ್ಷಿಕ ಸ್ಪರ್ಧೆ, ಮೆಲ್ಲೋ (ಮೆಲೊಡಿಫೆಸ್ಟಿವಾಲೆನ್) ಅಂದರೆ ಅದಕ್ಕೆ ಸ್ವೀಡನ್ನಿನ ಹಾಡನ್ನು ಆರಿಸುವ ಟಿವಿ ಸ್ಪರ್ಧೆ. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಆದರೆ ಯೂರೋವಿಷನ್‌ನಲ್ಲಿ ಸ್ವೀಡನ್ ಏಳು ಸಲ ಗೆದ್ದಿದೆ, ಐರ್ಲೆಂಡಿನ ಜೊತೆ ದಾಖಲೆ ಹಂಚಿಕೊಂಡಿದೆ ಎಂಬುದು ಗೊತ್ತಿರಲಿ. ಐರ್ಲೆಂಡ್ ತನ್ನ ಏಳನೆಯದನ್ನು ಗೆದ್ದು ಮುಗಿಸಿದ್ದು 1996ರಲ್ಲಿ. ಸ್ವೀಡನ್ ಅಲ್ಲಿಗೆ ತಲುಪಿದ್ದು 2023ರಲ್ಲಿ. ಇಲ್ಲಿಯವರಿಗೆ ಎಂಟನೆಯದು ಯಾವಾಗ ಅನ್ನುವುದೊಂದೇ ಚಿಂತೆ.

1974ರಲ್ಲಿ ಗೆದ್ದ ವಾಟರ್ಲೂ, ಸ್ವೀಡನ್ನಿನ ಅಬ್ಬಾ ತಂಡದ ಹಾಡು, ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಎರಡಿವೆ. ಅಂದು ಬ್ರೈಟನ್ನಿನ ವೇದಿಕೆಯಲ್ಲಿ ವಾದ್ಯಗೋಷ್ಠಿ ನಡೆಸಿದ ಸ್ವೆನ್-ಓಲೋಫ್ ವಾಲ್ಡಾಫ್ ನೆಪೋಲಿಯನ್ ವೇಷ ಹಾಕಿಕೊಂಡು ಬಂದಿದ್ದರು. ಆತಿಥೇಯ ಬ್ರಿಟನ್ ಆ ಹಾಡಿಗೆ ಕೊಟ್ಟದ್ದು ಸೊನ್ನೆ. ಮುಂದೆ ಅದೇ ಬ್ರಿಟನ್ ಅಬ್ಬಾವನ್ನು ತನ್ನದೇ ಮಕ್ಕಳ ಹಾಗೆ ತಲೆ ಮೇಲೆ ಹೊತ್ತು ಮೆರೆಸಿತು, ಅದು ಬೇರೆ ಮಾತು. ಅದರ ಹಿಂದಿನ ವರ್ಷ ಇದೇ ನಾಲ್ವರು ಸ್ವೀಡನ್ನಿನ ಆಯ್ಕೆ ಸುತ್ತಿನಲ್ಲೇ ಮೂರನೆಯವರಾಗಿ ಮನೆಗೆ ಹೋಗಿದ್ದರು.

ಈಗ ಹುಚ್ಚೆದ್ದು ನೋಡುವ ಈ ದೇಶ ಆಗ ಹೀಗಿರಲಿಲ್ಲ. ಗೆದ್ದ ಫಲವಾಗಿ 1975ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಪರ್ಧೆ ನಡೆದಾಗ ಎಡಪಂಥೀಯ ಸಂಗೀತಗಾರರು ಬೀದಿಗಿಳಿದರು. ಸಂಗೀತವನ್ನು ಸಾಬೂನಿನಂತೆ ಮಾರುತ್ತೀರಾ ಎಂದು ಬೈದರು, ಪರ್ಯಾಯ ಉತ್ಸವವನ್ನೇ ಮಾಡಿದರು. ಮರುವರ್ಷ ಸ್ವೀಡನ್ ಸ್ಪರ್ಧೆಗೇ ಹೋಗಲಿಲ್ಲ. ಎಪ್ಪತ್ತು ದಾಟಿದ ಪಕ್ಕದ ಮನೆಯವರು ಮೆಲ್ಲೋ ಎಂದರೆ ಮೂಗು ಮುರಿದರೆ ಅದು ಜಂಬವಲ್ಲ, ಆ ಕಾಲದ ಪಳೆಯುಳಿಕೆ. ಕೆದಕಿದರೆ ಒಳ್ಳೆಯ ಕತೆ ಸಿಗುತ್ತದೆ.

1984ರಲ್ಲಿ ಲಕ್ಸೆಂಬರ್ಗಿನಲ್ಲಿ ಹೆರ್ರೇಯ್ಸ್ ಎಂಬ ಮೂವರು ಸಹೋದರರು ಚಿನ್ನದ ಬಣ್ಣದ ಬೂಟು ತೊಟ್ಟು, ಆ ಬೂಟಿನ ಬಗ್ಗೆಯೇ ಹಾಡಿ ಗೆದ್ದರು. ಡಿಗ್ಗಿ-ಲೂ ಡಿಗ್ಗಿ-ಲೇ ಅನ್ನುವ ಆ ಹಾಡು ಕೇಳಿದರೆ ಇಲ್ಲಿಯವರಿಗೆ ನಗು, ನಾಚಿಕೆ, ಪ್ರೀತಿ ಮೂರೂ ಒಟ್ಟಿಗೆ ಬರುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಏಳರಲ್ಲಿ ಅದೇ ತೀರಾ ತೆಳು. ಆದರೆ ಈ ಮಾತನ್ನು ಆಫೀಸಿನಲ್ಲಿ ಆಡಬೇಡಿ.

1991ರದ್ದು ರೋಚಕ. ರೋಮ್‌ನಲ್ಲಿ ಕರೋಲಾ ಬಿರುಗಾಳಿಯ ಬಗ್ಗೆ, ಗಾಳಿಯಂತ್ರದ ಎದುರಿಗೆ ಕೂದಲು ಹಾರಿಸಿಕೊಂಡು ಹಾಡಿದರು. ಎಣಿಕೆ ಮುಗಿದಾಗ ಸ್ವೀಡನ್ನಿಗೂ ಫ್ರಾನ್ಸಿಗೂ 146 ಅಂಕ, ಸಮ ಸಮ. ನಿಯಮದಂತೆ ಯಾರಿಗೆ ಹೆಚ್ಚು ದೇಶಗಳಿಂದ 12 ಅಂಕ, ಅಂದರೆ ಒಂದು ದೇಶ ಕೊಡಬಹುದಾದ ಗರಿಷ್ಠ, ಬಂದಿದೆ ಅಂತ ನೋಡಿದರು, ಅದೂ ಸಮ. ಆಮೇಲೆ ಹತ್ತುಗಳನ್ನು ಎಣಿಸಿದಾಗ ಕರೋಲಾ ಗೆದ್ದರು. ಫ್ರಾನ್ಸಿನವರ ಹೊಟ್ಟೆಯುರಿ ಇನ್ನೂ ತಣ್ಣಗಾಗಿಲ್ಲ.

1984 ಮತ್ತು 1991ರ ಹಾಡುಗಳು ಸ್ವೀಡಿಷ್‌ನಲ್ಲಿವೆ. ಆಗ ತಂತಮ್ಮ ದೇಶಭಾಷೆಯಲ್ಲೇ ಹಾಡಬೇಕೆಂಬ ಕಟ್ಟಳೆಯಿತ್ತು. ವಾಟರ್ಲೂ ಇಂಗ್ಲಿಷಿನಲ್ಲಿ ಬಂದದ್ದು ಆ ಕಟ್ಟಳೆ ಕೆಲವು ವರ್ಷ ಸಡಿಲವಾಗಿದ್ದಾಗ. 1999ರಲ್ಲಿ ಅದನ್ನು ತೆಗೆದುಹಾಕಿದ ಕೂಡಲೇ ಜೆರುಸಲೇಮಿನಲ್ಲಿ ಶಾರ್ಲೊಟ್ ನಿಲ್ಸನ್ ಇಂಗ್ಲಿಷಿನಲ್ಲಿ ಹಾಡಿ ಗೆದ್ದರು. ಸ್ವೀಡನ್ನಿನ ಆಯ್ಕೆ ಸುತ್ತಿನಲ್ಲಿ ಅದೇ ಹಾಡು ಸ್ವೀಡಿಷ್‌ನಲ್ಲಿತ್ತು. ಇಲ್ಲಿಯವರು ಇಂದಿಗೂ ಪಾರ್ಟಿಯಲ್ಲಿ ಕಿರುಚಿಕೊಂಡು ಹಾಡುವುದು ಆ ಸ್ವೀಡಿಷ್ ರೂಪವನ್ನೇ. ಭಾಷೆ ಕಲಿಯುತ್ತಿರುವವರು ಇವೆರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಪುರಸಭೆಯ ಭಾಷಾ ತರಗತಿಯಲ್ಲಿ ಹೇಳಿಕೊಡದ ಉಚ್ಚಾರ ಅಲ್ಲಿ ಸಿಗುತ್ತದೆ.

ಇನ್ನು ಲೊರೀನ್. ಮೊರಾಕ್ಕೊ ಮೂಲದ ತಂದೆತಾಯಿಯ ಮಗಳು, ವೆಸ್ಟೆರೋಸ್‌ನಲ್ಲಿ ಬೆಳೆದವಳು. 2012ರಲ್ಲಿ ಬಾಕು ನಗರದಲ್ಲಿ ಯೂಫೋರಿಯಾ, 372 ಅಂಕ. 2023ರಲ್ಲಿ ಲಿವರ್‌ಪೂಲಿನಲ್ಲಿ ಟ್ಯಾಟೂ, 583 ಅಂಕ. ಗಾಯಕಿಯಾಗಿ ಎರಡು ಸಲ ಗೆದ್ದ ಮೊದಲ ಹೆಂಗಸು. ನಡುವೆ 2015ರಲ್ಲಿ ವಿಯೆನ್ನಾದಲ್ಲಿ ಮೋನ್ಸ್ ಸೆಲ್ಮರ್ಲೋವ್, ಪರದೆ ಮೇಲಿನ ಗೆರೆಬೊಂಬೆಯ ಜೊತೆ ಆಡುತ್ತಾ ಹೀರೋಸ್ ಹಾಡಿ ಗೆದ್ದರು.

ಇಲ್ಲೊಂದು ಸೂಕ್ಷ್ಮ. 2023ರಲ್ಲಿ ಜನರ ಮತದಲ್ಲಿ ಗೆದ್ದದ್ದು ಫಿನ್ಲೆಂಡಿನ ಕ್ಯಾರಿಯಾ, 376 ಅಂಕ. ಲೊರೀನ್‌ಗೆ ಜನ ಕೊಟ್ಟದ್ದು 243. ಜೂರಿಗಳು 340 ಕೊಟ್ಟು ಆಕೆಯನ್ನು ಮೇಲೆತ್ತಿದರು. 2015ರಲ್ಲೂ ಜನರ ಮೊದಲ ಆಯ್ಕೆ ಇಟಲಿಯಾಗಿತ್ತು. ಟೀಮಿನಲ್ಲಿ ಫಿನ್ಲೆಂಡಿನವರಿದ್ದರೆ ಈ ವಿಷಯ ನೀವಾಗಿ ತೆಗೆಯಬೇಡಿ. ಮೀಟಿಂಗ್ ಹಾಳಾಗುತ್ತದೆ.

ನಮ್ಮ ಟಿವಿಯ ಹಾಡಿನ ಸ್ಪರ್ಧೆಯೋ ಇವರ ಮೆಲ್ಲೋವೋ, ಯಾವ ಪದ್ಧತಿ ಒಳ್ಳೆಯದು ಅಂದರೆ ನಾನು ಸ್ವೀಡನ್ನಿನ ಪರ. ನಮ್ಮ ಸರಿಗಮಪದಲ್ಲಿ ಸ್ಪರ್ಧೆ ಇರುವುದು ಗಾಯಕರ ನಡುವೆ, ಹಾಡುಗಳು ಬಹುಪಾಲು ಹಳೆಯ ಸಿನಿಮಾದವು. ಇಲ್ಲಿ ಸ್ಪರ್ಧಿಸುವುದು ಹಾಡು: ಹೊಸದಾಗಿರಬೇಕು, ಮೂರು ನಿಮಿಷ ಮೀರಬಾರದು. ಯೂಫೋರಿಯಾ, ಟ್ಯಾಟೂ ಎರಡರ ಹಿಂದೆಯೂ ಥೋಮಸ್ ಗೇಸನ್ ಎಂಬ ಅದೇ ರಚನಕಾರ ಇದ್ದಾರೆ, ಜನ ಆ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ರಾಗ ಹಾಕಿದವರು ಯಾರು ಅಂತ ಟಿವಿ ಮುಂದೆ ಕೂತು ಯಾರು ಕೇಳುತ್ತಾರೆ ಹೇಳಿ. ಮೆಲ್ಲೋದ ಮತದಾನವೂ ಚೆಂದ. ಆ್ಯಪ್‌ನಲ್ಲಿ ಮತವಾಗಿ ಒತ್ತುವ ಹೃದಯಗಳು ಪುಕ್ಕಟೆ, 2019ರಿಂದ ಅವನ್ನು ವಯಸ್ಸಿನ ಪ್ರಕಾರ ಗುಂಪು ಮಾಡಿ ಎಣಿಸುತ್ತಾರೆ. ಮೂರರಿಂದ ಒಂಬತ್ತು ವರ್ಷದ ಮಕ್ಕಳ ಗುಂಪಿಗೂ ಎಪ್ಪತ್ತೈದು ದಾಟಿದವರ ಗುಂಪಿಗೂ ಒಂದೇ ತೂಕ. ಊರ ಮಗ, ಜಿಲ್ಲೆಯ ಮಗಳು ಅಂತ ಮತ ರಾಶಿ ಹಾಕುವುದಕ್ಕೆ ಇಲ್ಲಿ ದಾರಿ ಕಡಿಮೆ.

2025ರ ಕತೆಯನ್ನು ಬಿಡಲು ಮನಸ್ಸಿಲ್ಲ. ಮೋನ್ಸ್ ಮತ್ತೆ ಮೆಲ್ಲೋಗೆ ಬಂದಿದ್ದರು, ಗೆಲ್ಲುವುದು ಅವರೇ ಅಂತ ಎಲ್ಲರ ಲೆಕ್ಕ. ಗೆದ್ದದ್ದು ಕಾಯ್ ಎಂಬ ಮೂವರ ತಂಡ, ಫಿನ್ಲೆಂಡಿನ ವೋರೋ ಊರಿನ ಸ್ವೀಡಿಷ್ ಮಾತಾಡುವ ಹುಡುಗರು. ಕಾಸರಗೋಡಿನ ಹುಡುಗರು ಬೆಂಗಳೂರಿಗೆ ಬಂದು ತಮ್ಮೂರ ಕನ್ನಡದಲ್ಲೇ ಹಾಡಿ ಕಪ್ ಎತ್ತಿಕೊಂಡು ಹೋದ ಹಾಗೆ. ಉಗಿಸ್ನಾನದ ಬಗ್ಗೆ ಹಾಡಿದ ಅವರು ಬಾಸೆಲ್‌ನಲ್ಲಿ ನಾಲ್ಕನೆಯವರಾದರು. 1998ರ ನಂತರ ಸ್ವೀಡನ್ ಯೂರೋವಿಷನ್‌ಗೆ ಸ್ವೀಡಿಷ್ ಹಾಡು ಕಳಿಸಿದ್ದು ಅದೇ ಮೊದಲು.

ಈಗ ಟಿಕೆಟ್ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ.

ಮೆಲ್ಲೋ ಫೈನಲ್ ನಡೆಯುವುದು ಮಾರ್ಚಿನಲ್ಲಿ, ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದ ದೊಡ್ಡ ಅರೇನಾದಲ್ಲಿ. ಆದರೆ 'ಫೈನಲ್' ಹೆಸರಿನಲ್ಲಿ ಮಾರುವುದು ಒಂದೇ ಪ್ರದರ್ಶನವಲ್ಲ. ಶುಕ್ರವಾರ ಸಂಜೆ ಒಂದು, ಶನಿವಾರ ಮಧ್ಯಾಹ್ನ ಇನ್ನೊಂದು, ಶನಿವಾರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಬರುವ ನಿಜವಾದದ್ದು. ಮೊದಲ ಎರಡು ತಾಲೀಮು. ಟಿಕೆಟ್ ಮೇಲೆ ಯೆನ್‌ರೆಪ್ (genrep) ಅಂತಿದ್ದರೆ ಅದು ತಾಲೀಮೇ. ಯೂರೋವಿಷನ್‌ನಲ್ಲೂ ಇದೇ ಗಣಿತ: ಎರಡು ಸೆಮಿಫೈನಲ್, ಒಂದು ಫೈನಲ್, ಪ್ರತಿಯೊಂದಕ್ಕೂ ಮೂರು ಪ್ರದರ್ಶನ, ಒಟ್ಟು ಒಂಬತ್ತು. ಫೈನಲ್ ಯಾವಾಗಲೂ ಶನಿವಾರ ರಾತ್ರಿ, ಇಲ್ಲಿನ ಗಡಿಯಾರದಲ್ಲಿ ಒಂಬತ್ತಕ್ಕೆ. ಟಿಕೆಟ್ ಮೇಲೆ ಶುಕ್ರವಾರ ಅಂತಿದ್ದರೆ ಎಷ್ಟೇ ದಪ್ಪಕ್ಷರದಲ್ಲಿ ಗ್ರ್ಯಾಂಡ್ ಫೈನಲ್ ಅಂತ ಬರೆದಿದ್ದರೂ ಅದು ತಾಲೀಮೇ.

2024ರಲ್ಲಿ ಯೂರೋವಿಷನ್ ಮಾಲ್ಮೋದಲ್ಲಿ ನಡೆದಾಗ ಅದರ ಹತ್ತಿರದ ಲುಂಡ್‌ನಲ್ಲಿರುವ ಹಾಸನದ ಒಂದು ಕುಟುಂಬ ಮಾಡಿಕೊಂಡ ಯಡವಟ್ಟು ನೋಡಿ. ಅಧಿಕೃತ ಮಾರಾಟದಲ್ಲಿ ಸಿಗಲಿಲ್ಲವೆಂದು ಗೂಗಲ್‌ನಲ್ಲಿ ಮೇಲುಗಡೆ ಬಂದ ಮರುಮಾರಾಟದ ತಾಣವೊಂದರಲ್ಲಿ ಮೂಲ ಬೆಲೆಯ ದುಪ್ಪಟ್ಟಿಗೂ ಹೆಚ್ಚು ಕೊಟ್ಟು ನಾಲ್ಕು ಸೀಟು ತಗೊಂಡರು. ಮಕ್ಕಳ ಕೆನ್ನೆಗೆ ನೀಲಿ ಹಳದಿ ಬಣ್ಣ ಬಳಿದುಕೊಂಡು ಹೋದರು. ಹಾಡುಗಳು, ಬೆಳಕು, ಕೊನೆಗೆ ಅಂಕ ಪ್ರಕಟಣೆ, ಗೆದ್ದವರು ಮತ್ತೆ ಹಾಡಿದ್ದು, ಎಲ್ಲವೂ ಆಯಿತು. ಗುಂಪಿಗೆ ವಿಡಿಯೊ ಬಂತು: "ನಮ್ಮ ಕಣ್ಣೆದುರೇ ಗೆದ್ರು!" ಅವತ್ತು ಶುಕ್ರವಾರ. ತಾಲೀಮಿನಲ್ಲಿ ಎಣಿಕೆಯನ್ನೂ ನಟಿಸುತ್ತಾರೆ, ಸುಳ್ಳು ಅಂಕ, ಸುಳ್ಳು ವಿಜೇತರು. ಮರುದಿನ ನಡುರಾತ್ರಿ ಟಿವಿಯಲ್ಲಿ ಸ್ವಿಟ್ಜರ್ಲೆಂಡಿನ ನೀಮೋ ಗೆದ್ದಾಗ ದೊಡ್ಡ ಮಗಳು ಅಪ್ಪನನ್ನು ನೋಡಿದ ನೋಟವನ್ನು ಆತ ಇಂದಿಗೂ ಹೇಳಿಕೊಳ್ಳುತ್ತಾರೆ.

ದುಡ್ಡು ವಾಪಸ್ ಸಿಗುತ್ತದೆ ಎಂಬ ಧೈರ್ಯ ಅವರಿಗಿತ್ತು. ಸ್ವೀಡನ್ನಿನಲ್ಲಿ ಆನ್‌ಲೈನ್ ಖರೀದಿಗೆ ಹದಿನಾಲ್ಕು ದಿನ ಮನಸ್ಸು ಬದಲಾಯಿಸುವ ಹಕ್ಕಿದೆ ಅಂತ ನಾವೆಲ್ಲ ಬಂದ ವಾರದಲ್ಲೇ ಕಲಿಯುತ್ತೇವೆ. ಬೂಟು, ಸೋಫಾ, ಫೋನಿಗೆ ಅದು ನಿಜ. ನಿರ್ದಿಷ್ಟ ದಿನಕ್ಕೆ ನಿಗದಿಯಾದ ಸಂಗೀತ ಕಾರ್ಯಕ್ರಮ, ನಾಟಕ, ಪಂದ್ಯದ ಟಿಕೆಟ್‌ಗೆ ಆ ಹಕ್ಕು ಅನ್ವಯಿಸುವುದಿಲ್ಲ. ಯುರೋಪಿನ ಕಾನೂನಿನಲ್ಲೇ ಆ ವಿನಾಯಿತಿ ಇದೆ. ಕೊಂಡ ಕ್ಷಣವೇ ತಪ್ಪು ತಿಳಿದರೂ ಕಾಲ ಮಿಂಚಿದಂತೆ. ಗ್ರಾಹಕ ವ್ಯಾಜ್ಯ ಮಂಡಳಿಗೆ, ಅಂದರೆ ಎಆರ್‌ಎನ್‌ಗೆ, ದೂರು ಕೊಡಬಹುದಲ್ಲ ಅಂತ ಕೇಳುತ್ತೀರಿ. ಅದು ಕಂಪನಿ ಮತ್ತು ಗ್ರಾಹಕರ ನಡುವಿನ ಜಗಳ ಮಾತ್ರ ನೋಡುತ್ತದೆ. ಮರುಮಾರಾಟದ ತಾಣದ ಹಿಂದೆ ಮಾರಿದವನು ಖಾಸಗಿ ವ್ಯಕ್ತಿಯಾಗಿದ್ದರೆ ಅಲ್ಲಿ ಬಾಗಿಲು ಮುಚ್ಚಿತು. ಟಿಕೆಟ್ ಮೇಲೆ ತಾಲೀಮು ಅಂತ ಸಣ್ಣಕ್ಷರದಲ್ಲಾದರೂ ಬರೆದಿದ್ದರೆ ವಾದ ಗೆಲ್ಲುವುದು ಕಷ್ಟ. ಆ ಕುಟುಂಬಕ್ಕೆ ಒಂದು ಕ್ರೋನವೂ ಮರಳಿ ಬರಲಿಲ್ಲ.

ಆದ್ದರಿಂದ ಕಾರ್ಡ್ ನಂಬರ್ ಒತ್ತುವ ಮುಂಚೆ ಮೂರೇ ನೋಡಿ: ವಾರ, ಗಂಟೆ, ಮಾರುತ್ತಿರುವವರು ಯಾರು. ಆಯೋಜಕರ ಸ್ವಂತ ಪುಟದಿಂದ ಹೊರಟ ಕೊಂಡಿಯನ್ನೇ ಹಿಡಿದು ಹೋಗಿ, ಹುಡುಕಾಟದ ಜಾಹೀರಾತನ್ನು ಮುಟ್ಟಲೇಬೇಡಿ.

ತಾಲೀಮನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಗೊತ್ತಿದ್ದೂ ಕೊಂಡರೆ ಅದೇ ಜಾಣತನ. ಯೂರೋವಿಷನ್ ಫೈನಲ್‌ನ ಜೂರಿಗಳು ಅಂಕ ಹಾಕುವುದು ಹಿಂದಿನ ರಾತ್ರಿಯ ಪ್ರದರ್ಶನ ನೋಡಿಯೇ, ಹಾಗಾಗಿ ಶುಕ್ರವಾರ ಯಾರೂ ಗಂಟಲು ಉಳಿಸಿಕೊಂಡು ಹಾಡುವುದಿಲ್ಲ. ಬೆಲೆಯೂ ಕಡಿಮೆ. ಚಿಕ್ಕ ಮಕ್ಕಳಿದ್ದರೆ ಶನಿವಾರ ಮಧ್ಯಾಹ್ನದ್ದು ಇನ್ನೂ ವಾಸಿ, ರಾತ್ರಿಯದ್ದು ಮುಗಿಯುವಾಗ ಒಂದು ಗಂಟೆ ಹತ್ತಿರವಾಗಿರುತ್ತದೆ. ಯೂರೋವಿಷನ್ ಮುಂದೆ ಮತ್ತೆ ಮಾಲ್ಮೋಗೆ ಬಂದರೆ ಹೋಟೆಲಿಗೆ ದುಡ್ಡು ಸುರಿಯಬೇಡಿ. ಅರೇನಾ ಇರುವುದು ಹಿಲ್ಲಿಯೆ ಸ್ಟೇಷನ್ ಮಗ್ಗುಲಲ್ಲೇ, ಲುಂಡ್‌ನಿಂದಲೋ ಕೋಪನ್‌ಹೇಗನ್‌ನಿಂದಲೋ ರೈಲು ಹಿಡಿದರಾಯಿತು.

ಮನೆಯಲ್ಲೇ ನೋಡುವವರು ಯಾವ ಚಾನೆಲ್ ಪ್ಯಾಕೇಜನ್ನೂ ಕೊಳ್ಳಬೇಕಿಲ್ಲ. ಸಾರ್ವಜನಿಕ ಟಿವಿಯ ಆನ್‌ಲೈನ್ ತಾಣ ಎಸ್‌ವಿಟಿ ಪ್ಲೇಯಲ್ಲಿ ಎಲ್ಲವೂ ಬರುತ್ತದೆ. ಅದರ ಖರ್ಚನ್ನು 2019ರಿಂದ ನಿಮ್ಮ ತೆರಿಗೆಯಲ್ಲೇ ಹಿಡಿಯುತ್ತಿದ್ದಾರೆ, ವರ್ಷದ ತೆರಿಗೆ ಪತ್ರದಲ್ಲಿ ಆ ಸಾಲು ಹುಡುಕಿದರೆ ಕಾಣುತ್ತದೆ. ಕೊಟ್ಟಾಗಿದೆ, ನೋಡಿ.

ಮೇ ತಿಂಗಳಲ್ಲಿ ಯೂರೋವಿಷನ್ ಫೈನಲ್‌ನ ರಾತ್ರಿ ಫೋನ್ ಹಿಡಿದು ಸ್ವೀಡನ್ನಿಗೆ ಮತ ಹಾಕಲು ಹೊರಟರೆ ಆಗುವುದಿಲ್ಲ, ನೀವಿರುವ ದೇಶಕ್ಕೆ ನೀವು ಮತ ಹಾಕುವಂತಿಲ್ಲ. ಆದರೆ 2023ರಿಂದ ಭಾಗವಹಿಸದ ದೇಶಗಳವರೂ ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿ ಮತ ಹಾಕಬಹುದು, ಅವೆಲ್ಲ ಸೇರಿ ಒಂದು ದೇಶದ ಮತದಷ್ಟು ಲೆಕ್ಕ. ಮೈಸೂರಿನಲ್ಲಿರುವ ಅಮ್ಮನಿಗೆ ಈ ಹಕ್ಕಿದೆ, ನಿಮಗಿಲ್ಲ. ಅಲ್ಲಿ ಆಗ ನಡುರಾತ್ರಿ ದಾಟಿರುತ್ತದೆ, ಎಬ್ಬಿಸುವ ಮುಂಚೆ ಯೋಚಿಸಿ.