ಹದಿನೇಳು ಶಾಕ್‌ಗಳ ನಂತರ ಹೊಸ ಹೃದಯ

"ಸಾರ್, ಎದೆಗೆ ಯಾರೋ ಜಾಡಿಸಿ ಒದ್ದಂಗಾಗುತ್ತೆ. ದಯವಿಟ್ಟು ಅದನ್ನ ಆಫ್ ಮಾಡಿಬಿಡಿ."

ಹಾಸನ ಕಡೆಯ 32 ವರ್ಷದ ಯುವಕ. ಬೆಂಗಳೂರಿನ ನಮ್ಮ ಐಸಿಯುಗೆ ಬಂದಾಗ ಪೂರ್ತಿ ಎಚ್ಚರವಾಗಿದ್ದರು. ಬಡಿತ ಹದ ತಪ್ಪಿದಾಗ ತಾನಾಗಿ ಶಾಕ್ ಕೊಡುವ ಐಸಿಡಿ ಎಂಬ ಯಂತ್ರ ಅವರ ಎದೆಯಲ್ಲಿತ್ತು. ಹಿಂದಿನ ರಾತ್ರಿಯಿಂದ ಅದು ಹದಿನೇಳು ಸಲ ಶಾಕ್ ಕೊಟ್ಟಿತ್ತು. ಹೃದಯದ ಕೆಳಗಿನ ಕೋಣೆಗಳು ನಿಮಿಷಕ್ಕೆ 200ಕ್ಕಿಂತ ಜಾಸ್ತಿ ಓಡುತ್ತಿದ್ದವು. ಇದು ವಿಟಿ. ಒಂದೇ ದಿನದಲ್ಲಿ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿಟಿ ಸ್ಟಾರ್ಮ್ ಅನ್ನುತ್ತೇವೆ.

ಹೊರಗಿನ ಶಾಕ್ ಪ್ಯಾಡ್ ಅಂಟಿಸಿ, ಐಸಿಡಿ ಮೇಲೆ ಅಯಸ್ಕಾಂತ ಇಟ್ಟೆ. ಅಯಸ್ಕಾಂತ ಇರುವಷ್ಟು ಹೊತ್ತು ಅದು ಶಾಕ್ ಕೊಡುವುದಿಲ್ಲ. ಆಮೇಲೆ ನಿದ್ದೆಯ ಔಷಧಿ ಕೊಟ್ಟು ವೆಂಟಿಲೇಟರ್‌ಗೆ ಹಾಕಿದೆವು. ಶಾಕ್ ಬಿದ್ದರೆ ನೋವು, ನೋವಿಗೆ ಹೆದರಿಕೆ, ಹೆದರಿಕೆಗೆ ಅಡ್ರಿನಲಿನ್, ಅಡ್ರಿನಲಿನ್‌ಗೆ ಮತ್ತೆ ವಿಟಿ, ಈ ಸುತ್ತು ಮುರಿಯದೆ ಬರೀ ಔಷಧಿ ಸುರಿದು ಪ್ರಯೋಜನ ಇಲ್ಲ. ಬಡಿತ ಹದಕ್ಕೆ ತರುವ ಅಮಿಯೊಡರೋನ್, ಲಿಗ್ನೋಕೇನ್, ಎಸ್ಮೊಲಾಲ್ ಔಷಧಿಗಳೆಲ್ಲ ಓಡುತ್ತಿದ್ದವು. ಪೊಟ್ಯಾಶಿಯಂ, ಮೆಗ್ನೀಶಿಯಂ ಸರಿ ಮಾಡಿದೆವು. ಕುತ್ತಿಗೆಯ ಎಡಭಾಗದಲ್ಲಿ ಹೃದಯವನ್ನು ಕೆರಳಿಸುವ ನರಗಳ ಗಂಟೊಂದಿದೆ. ಅಲ್ಟ್ರಾಸೌಂಡ್ ನೋಡಿಕೊಂಡು ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆವು. ಹನ್ನೊಂದು ಗಂಟೆ ಒಂದೂ ವಿಟಿ ಇಲ್ಲ. ಆಮೇಲೆ ಮತ್ತೆ ಶುರು.

ಅಬ್ಲೇಶನ್‌ನಲ್ಲಿ ತಪ್ಪು ಕರೆಂಟ್ ಸುತ್ತುವ ದಾರಿಯನ್ನು ಸುಟ್ಟರೆ ಪಕ್ಕದಲ್ಲಿ ಇನ್ನೊಂದು ದಾರಿ ಕಾಣುತ್ತಿತ್ತು. ಹೃದಯದ ಗೋಡೆ ತುಂಬ ಗಾಯದ ಕಲೆ.

ನನ್ನ ತಪ್ಪು ಇಲ್ಲೇ. ಎರಡನೇ ಅಬ್ಲೇಶನ್ ಸೋಲುವವರೆಗೂ ನಾನು ಟ್ರಾನ್ಸ್‌ಪ್ಲಾಂಟ್ ತಂಡಕ್ಕೆ ಫೋನ್ ಮಾಡಲಿಲ್ಲ. ಇನ್ನೊಂದು ದಿನ ನೋಡೋಣ ಅಂದುಕೊಂಡೆ. ಅಷ್ಟರಲ್ಲಿ ಮೂತ್ರ ಕಡಿಮೆಯಾಯಿತು, ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಏರಿತು. ಕಿಡ್ನಿ, ಲಿವರ್ ಕೈಕೊಟ್ಟ ಮೇಲೆ ಹೊಸ ಹೃದಯ ಸಿಕ್ಕರೂ ಕಷ್ಟ, ಅಲ್ವಾ? ಈಗ ನಾನು ಸ್ಟಾರ್ಮ್‌ನ ಮೊದಲ ದಿನವೇ ಫೋನ್ ಮಾಡುತ್ತೇನೆ. ಬೇಡವಾದರೆ ಕೈಬಿಡಬಹುದು.

ತೊಡೆಯ ರಕ್ತನಾಳಗಳಿಗೆ ದಪ್ಪ ಕೊಳವೆ ಹಾಕಿ ಎಕ್ಮೋ ಶುರು ಮಾಡಿದೆವು. ರಕ್ತ ಓಡಿಸುವ ಕೆಲಸ ಯಂತ್ರದ್ದಾಯಿತು. ಆದರೆ ಎಕ್ಮೋ ಮೇಲೆ ಜಾಸ್ತಿ ದಿನ ಇಡುವ ಹಾಗಿಲ್ಲ. ಯಂತ್ರ ತಳ್ಳುವ ರಕ್ತದ ಎದುರು ಸೋತ ಹೃದಯದ ಕವಾಟ ತೆರೆಯದಿದ್ದರೆ ರಕ್ತ ಒಳಗೇ ನಿಂತು ಶ್ವಾಸಕೋಶಕ್ಕೆ ನೀರು ತುಂಬುತ್ತದೆ, ಕೊಳವೆ ಹಾಕಿದ ಕಾಲು ತಣ್ಣಗಾಗುತ್ತದೆ, ರಕ್ತ ತೆಳುವಾಗಲು ಕೊಡುವ ಹೆಪಾರಿನ್‌ನಿಂದ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಗಂಟೆಗೊಮ್ಮೆ ಕಾಲು ಮುಟ್ಟಿ, ಕಣ್ಣಿನ ಪಾಪೆ ನೋಡುತ್ತಿದ್ದೆವು.

ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆಯಲ್ಲಿ ತುರ್ತು ಎಂದು ಹೆಸರು ಬರೆಸಿದೆವು. ನಾಲ್ಕನೇ ರಾತ್ರಿ ಕರೆ ಬಂತು. ನಗರದ ಇನ್ನೊಂದು ತುದಿಯಲ್ಲಿ, ಅಪಘಾತದಲ್ಲಿ ಮೆದುಳು ಸತ್ತ ಒಬ್ಬರ ಮನೆಯವರು ಒಪ್ಪಿದ್ದರು. ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡದೆ ಮೆದುಳು ಸತ್ತಿದೆ ಎಂದು ಬರೆಯುವಂತಿಲ್ಲ. ಆ ಹೊತ್ತನ್ನು ಆ ಮನೆಯವರು ಹೇಗೆ ಕಳೆದರೋ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ದಾನಿಯ ಹೃದಯಕ್ಕೆ ರಕ್ತ ನಿಲ್ಲಿಸಿದ ಕ್ಷಣದಿಂದ ಸುಮಾರು 4 ಗಂಟೆಯೊಳಗೆ ಅದಕ್ಕೆ ಮತ್ತೆ ರಕ್ತ ಸಿಗಬೇಕು. ಅಲ್ಲಿನ ಸರ್ಜನ್ ಕಣ್ಣಾರೆ ನೋಡಿ "ಹೃದಯ ಚೆನ್ನಾಗಿದೆ" ಅಂದ ಮೇಲೆಯೇ ಇಲ್ಲಿ ಎದೆ ತೆರೆದರು. ಪೊಲೀಸರು ಗ್ರೀನ್ ಕಾರಿಡಾರ್ ಮಾಡಿಕೊಟ್ಟಿದ್ದರು. ಐಸ್‌ಪೆಟ್ಟಿಗೆ ಓಟಿ ಬಾಗಿಲಿಗೆ ಬರುವವರೆಗೂ ಹಳೆಯ ಹೃದಯ ತೆಗೆಯಲಿಲ್ಲ. ಎಡ ಮೇಲ್ಕೋಣೆಯಿಂದ ಹೊಲಿಗೆ ಶುರುವಾಯಿತು. ರಕ್ತ ತಡೆದಿದ್ದ ಕ್ಲ್ಯಾಂಪ್ ಬಿಟ್ಟಾಗ ಹೊಸ ಹೃದಯ ಸ್ವಲ್ಪ ನಡುಗಿತು, ಆಮೇಲೆ ತಾನೇ ಬಡಿಯತೊಡಗಿತು. ಓಟಿಯಲ್ಲಿ ಯಾರೂ ಮಾತಾಡಲಿಲ್ಲ.

ಮರುದಿನ ಮಾನಿಟರ್‌ನಲ್ಲಿ 104 ನೋಡಿ ಅವರ ಹೆಂಡತಿ ಗಾಬರಿಯಾದರು. "ಡಾಕ್ಟ್ರೇ, ಮತ್ತೆ ಅದೇನಾ?" ಅಲ್ಲ. ಹೃದಯ ತೆಗೆಯುವಾಗ ಅದರ ವೇಗಕ್ಕೆ ಕಡಿವಾಣ ಹಾಕುವ ನರವೂ ತುಂಡಾಗುತ್ತದೆ. ಹಾಗಾಗಿ ಹೊಸ ಹೃದಯ ಸುಮ್ನೆ ಮಲಗಿದ್ದಾಗಲೂ ನೂರರ ಆಸುಪಾಸು ಬಡಿಯುತ್ತದೆ.

ಪೆಥಾಲಜಿಯವರು ಹಳೆಯ ಹೃದಯದಲ್ಲಿ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಕಂಡರು. ಆ ಕಲೆಗಳಿಗೆಲ್ಲ ಅದೇ ಕಾರಣ.

ಗಂಟಲಿನ ಟ್ಯೂಬ್ ತೆಗೆದ ದಿನ ಅವರು ಎಡ ಭುಜದ ಕೆಳಗೆ ತಡವಿಕೊಂಡರು. ಐಸಿಡಿ ಇದ್ದ ಜಾಗದಲ್ಲಿ ಬರೀ ಹೊಲಿಗೆ. "ಒದೆಯೋದು ತೆಗೆದ್ರಾ ಸಾರ್?" ಅಂದರು. ತೆಗೆದಿದ್ದೇವೆ ಅಂದೆ. ಆಮೇಲೆ ತುಂಬ ಹೊತ್ತು ಮಲಗಿದರು.