ಪ್ರೌಢಶಾಲೆಯಲ್ಲಿ ಕೃಷಿ ವಿಜ್ಞಾನ ಕಲಿಸುವ ಬಗೆ: ನೂರು ಕಾಳು, ಆರು ಮಡಿ

ಹಳ್ಳಿಯ ಪ್ರೌಢಶಾಲೆಯಲ್ಲಿ ಬೆಳೆ ಉತ್ಪಾದನೆಯ ಪಾಠ ಮಾಡುವ ಶಿಕ್ಷಕರು ಉಳುಮೆ, ಬಿತ್ತನೆ, ಕಳೆ, ಕೊಯ್ಲು ಎಂದು ಕ್ರಮವಾಗಿ ಹಲಗೆಯ ಮೇಲೆ ಬರೆಯುತ್ತಿರುವಾಗ, ಎದುರಿಗೆ ಕುಳಿತ ಮಕ್ಕಳಲ್ಲಿ ಕೆಲವರು ಆ ಕೆಲಸಗಳನ್ನು ಹಿಂದಿನ ಭಾನುವಾರವಷ್ಟೇ ಹೊಲದಲ್ಲಿ ಮಾಡಿ ಬಂದಿರುತ್ತಾರೆ. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಅವರಿಗೆ ಬೇಸರ. ಹೊಲದ ಸಂಬಂಧವೇ ಇಲ್ಲದ ಉಳಿದ ಮಕ್ಕಳಿಗೆ ಅದು ಬಾಯಿಪಾಠದ ಇನ್ನೊಂದು ಪಟ್ಟಿ. ಮನೆಯಲ್ಲಿ ರೂಢಿಯಿಂದ ನಡೆಯುವುದನ್ನು ಶಾಲೆಯಲ್ಲಿ ಎಣಿಸಿ, ಅಳೆದು, ಹೋಲಿಸಿ ನೋಡುವಂತೆ ಮಾಡಿದಾಗ ಮಾತ್ರ ಈ ಎರಡೂ ಗುಂಪಿನವರಿಗೆ ಹೊಸದೇನಾದರೂ ಸಿಗುತ್ತದೆ.

ಮೊದಲು ಹೊಂದಿಸಬೇಕಾದದ್ದು ಕಾಲವನ್ನು. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರಾ ಮಳೆ ಹೂಡುತ್ತದೆ, ಆಮೇಲೆ ಅರ್ಧವಾರ್ಷಿಕ ಪರೀಕ್ಷೆ, ಅದರ ಬೆನ್ನಿಗೇ ದಸರಾ ರಜೆ. ರಾಗಿಯಂಥ ಬೆಳೆಯನ್ನು ಆರಿಸಿಕೊಂಡರೆ ರಜೆಯಲ್ಲಿ ನೋಡಿಕೊಳ್ಳುವವರಿಲ್ಲದೆ ದನಗಳ ಪಾಲಾಗುವ ಸಂಭವ ಹೆಚ್ಚು. ಹೆಸರುಕಾಳಿನ ಬೆಳೆ ಸುಮಾರು 65ರಿಂದ 75 ದಿನಗಳಲ್ಲಿ ಕೈಗೆ ಬರುವುದರಿಂದ ಜೂನ್ ಮಧ್ಯದಲ್ಲಿ ಬಿತ್ತಿದರೆ ಆಗಸ್ಟ್ ಕೊನೆಯೊಳಗೆ ಬಿಡಿಸಿ ಮುಗಿಸಬಹುದು. ಜೊತೆಗೆ ಬೇರು, ಗಂಟು, ಹೂ, ಕಾಯಿ ಎಲ್ಲವೂ ಬರಿಗಣ್ಣಿಗೆ ಕಾಣುವ ಬೆಳೆ ಅದು.

ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡಿಸಬೇಕು. ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಪ್ರಯೋಗ ಮತ್ತೊಂದಿಲ್ಲ. ಮಕ್ಕಳು ತಮ್ಮ ಮನೆಯಲ್ಲಿ ಬಿತ್ತನೆಗೆಂದು ಇಟ್ಟ ಹೆಸರುಕಾಳನ್ನು ಒಂದೊಂದು ಹಿಡಿ ತರಲಿ. ದೊಡ್ಡ ಕಾಳನ್ನೇ ಆರಿಸದೆ ಸಿಕ್ಕಂತೆ ನೂರು ಕಾಳುಗಳನ್ನು ಎಣಿಸಿ, ಇಪ್ಪತ್ತೈದರ ನಾಲ್ಕು ಪಾಲು ಮಾಡಿ, ಒದ್ದೆಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ ಕಾಳಿಗೆ ಕಾಳು ತಾಗದಂತೆ ಸಾಲಾಗಿ ಜೋಡಿಸಿ, ಸಡಿಲವಾಗಿ ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆ ಒಣಗಕೂಡದು, ನೀರು ತೊಟ್ಟಿಕ್ಕಲೂ ಕೂಡದು. ಅಂಗಡಿಯಿಂದ ತಂದ, ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರಾದ್ದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು.

ಏಳನೆಯ ದಿನ ಸುರುಳಿ ಬಿಚ್ಚಿದಾಗ ನಿಜವಾದ ಪಾಠ ಶುರುವಾಗುತ್ತದೆ. ಕೆಲವು ಕಾಳುಗಳಿಗೆ ಬೇರೂ ಚಿಗುರೂ ಸರಿಯಾಗಿ ಬಂದಿರುತ್ತವೆ. ಕೆಲವಕ್ಕೆ ಬೇರು ಇಣುಕಿ ಅಲ್ಲಿಗೇ ನಿಂತಿರುತ್ತದೆ. ಕೆಲವು ಬೂಸ್ಟು ಹಿಡಿದು ಕೊಳೆತಿರುತ್ತವೆ. ಒಂದೆರಡು ಮಾತ್ರ ನೀರನ್ನೇ ಹೀರದೆ ಹಾಕಿದ ದಿನದಂತೆಯೇ ಹೊಳೆಯುತ್ತ ಕುಳಿತಿರುತ್ತವೆ. ಇವುಗಳಲ್ಲಿ ಯಾವುದನ್ನು ಮೊಳೆತದ್ದೆಂದು ಲೆಕ್ಕ ಹಾಕಬೇಕು ಎಂಬ ಪ್ರಶ್ನೆಯನ್ನು ತರಗತಿಗೇ ಬಿಟ್ಟು ಕಾಲು ಗಂಟೆ ಜಗಳವಾಡಲು ಬಿಡಿ. ಬೇರು ಮಾತ್ರ ಬಂದ ಕಾಳು ಹೊಲದಲ್ಲಿ ಗಿಡವಾಗುವುದಿಲ್ಲ, ಆದ್ದರಿಂದ ಅದನ್ನು ಎಣಿಸಬಾರದು ಎಂದು ಮಕ್ಕಳೇ ತೀರ್ಮಾನಕ್ಕೆ ಬಂದ ಮೇಲೆ, ನೀರು ಹೀರದ ಗಟ್ಟಿ ಬೀಜ ಸತ್ತಿಲ್ಲ, ಅದರ ಸಿಪ್ಪೆ ನೀರನ್ನು ಒಳಗೆ ಬಿಟ್ಟಿಲ್ಲ ಅಷ್ಟೇ ಎಂದು ವಿವರಿಸಬಹುದು.

ಪ್ರಮಾಣೀಕೃತ ಬೀಜದಲ್ಲಿ ಹೆಸರಿಗೆ ಕನಿಷ್ಠ 75, ಭತ್ತಕ್ಕೆ 80, ಸಂಕರಣ ಮುಸುಕಿನ ಜೋಳಕ್ಕೆ 90 ಪ್ರತಿಶತ ಮೊಳಕೆ ಇರಬೇಕೆಂಬುದು ನಿಯಮ. ಮನೆಯ ಕಾಳು 60 ಪ್ರತಿಶತ ಮಾತ್ರ ಮೊಳೆತರೆ ಎಷ್ಟು ಹೆಚ್ಚು ಬೀಜ ಬೇಕು ಎಂದು ಕೇಳಿ. 75ನ್ನು 60ರಿಂದ ಭಾಗಿಸಿದರೆ 1.25, ಅಂದರೆ ನಾಲ್ಕು ಸೇರಿನ ಜಾಗದಲ್ಲಿ ಐದು ಸೇರು. ಈ ಲೆಕ್ಕ ಅಂದೇ ಸಂಜೆ ಮನೆಗೆ ತಲುಪುತ್ತದೆ.

ಎರಡನೆಯ ಹಂತ ಮಡಿಗಳದು. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಆರು ಮಡಿಗಳು ಸಾಕು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಟ್ಟರೆ ಪ್ರತಿ ಮಡಿಯಲ್ಲಿ ಮೂರು ಸಾಲು, ಸುಮಾರು ತೊಂಬತ್ತು ಗಿಡ. ಮೂರು ಮಡಿಗಳಿಗೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು, ಹಚ್ಚಿದ ಬೀಜ; ಮೂರಕ್ಕೆ ಹಚ್ಚದ ಬೀಜ. ಗೊಬ್ಬರ, ನೀರು, ಬಿತ್ತಿದ ದಿನ, ಕಳೆ ತೆಗೆದ ದಿನ ಎಲ್ಲವೂ ಒಂದೇ ಆಗಿರಬೇಕು. ಜೀವಾಣು ಗೊಬ್ಬರದ ಪೊಟ್ಟಣಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಬೆಲ್ಲದ ಪಾಕವನ್ನು ಆರಿಸಿ, ಅದರಲ್ಲಿ ಪುಡಿ ಕಲಸಿ ಬೀಜಕ್ಕೆ ಸವರಿ, ನೆರಳಿನಲ್ಲಿ ಒಣಗಿಸಿ ತಡಮಾಡದೆ ಬಿತ್ತಬೇಕು. ಹಚ್ಚದ ಬೀಜವನ್ನು ಮೊದಲು ಬಿತ್ತಿ ಮುಗಿಸುವುದು ಒಳ್ಳೆಯದು, ಇಲ್ಲದಿದ್ದರೆ ಕೈಗಂಟಿದ ಪುಡಿ ಅಲ್ಲಿಗೂ ಸೇರುತ್ತದೆ.

ಯಾವ ಮಡಿಗೆ ಯಾವ ಬೀಜ ಎಂಬುದನ್ನು ಶಿಕ್ಷಕರು ನಿರ್ಧರಿಸದೆ ಚೀಟಿ ಎತ್ತಿಸಬೇಕು. ಒಂದು ಬದಿಯಲ್ಲಿ ಹೊಂಗೆಮರದ ನೆರಳು, ಇನ್ನೊಂದು ಬದಿಯಲ್ಲಿ ಕೈತೊಳೆಯುವ ನೀರಿನ ಪಸೆ ಇರುವುದು ಶಾಲೆಯ ಅಂಗಳದಲ್ಲಿ ಮಾಮೂಲು. ಹಚ್ಚಿದ ಮೂರೂ ಮಡಿಗಳು ಪಸೆಯ ಕಡೆಗೇ ಬಿದ್ದರೆ ಬಂದ ವ್ಯತ್ಯಾಸ ಜೀವಾಣುವಿನದೋ ನೀರಿನದೋ ಹೇಳಲಾಗದು. ಒಂದರ ಬದಲು ಮೂರು ಮೂರು ಮಡಿ ಏಕೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ.

ಬಿತ್ತಿ ಐದು ವಾರವಾದ ಮೇಲೆ, ಹೂ ಕಾಣುವ ಹೊತ್ತಿಗೆ, ಪ್ರತಿ ಮಡಿಯಿಂದ ಐದು ಗಿಡ ತೆಗೆಯಬೇಕು. ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉದುರಿ ಉಳಿಯುತ್ತವೆ. ಮಣ್ಣಿಗೆ ನೀರು ಹನಿಸಿ, ಬುಡದ ಸುತ್ತ ಅಗೆದು ಹೆಂಟೆಯ ಸಮೇತ ಎತ್ತಿ ಬಕೆಟ್ಟಿನಲ್ಲಿ ಅದ್ದಿ ತೊಳೆಯಬೇಕು. ಗಂಟುಗಳನ್ನು ಎಣಿಸಿ, ದಪ್ಪನೆಯದೊಂದನ್ನು ಬ್ಲೇಡಿನಿಂದ ಶಿಕ್ಷಕರೇ ಸೀಳಿ ತೋರಿಸಲಿ. ಒಳಗೆ ನಸುಗೆಂಪು ಇದ್ದರೆ ಅದು ಸಾರಜನಕವನ್ನು ಸ್ಥಿರೀಕರಿಸುತ್ತಿದೆ, ಅಂದರೆ ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್ ಆ ಬಣ್ಣಕ್ಕೆ ಕಾರಣ. ಬಿಳಿಯಾಗಿದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು, ಹಸಿರಾಗಿದ್ದರೆ ಕೆಲಸ ಮುಗಿಸಿದ್ದು. ಹಿಂದೆ ಹೆಸರು, ಅಲಸಂದೆ ಬೆಳೆದ ನೆಲವಾದರೆ ಅಲ್ಲಿ ಈ ಜೀವಾಣು ಮೊದಲೇ ನೆಲೆಸಿದ್ದು, ಎರಡೂ ಬಗೆಯ ಮಡಿಗಳಲ್ಲಿ ಗಂಟುಗಳು ಹೆಚ್ಚುಕಡಿಮೆ ಸಮನಾಗಿರಬಹುದು. ಆಗ ಪ್ರಯೋಗ ಕೆಟ್ಟಿತೆಂದು ಅಂಕಿಗಳನ್ನು ತಿದ್ದಿಸಬಾರದು. ಏಕೆ ಹೀಗಾಯಿತೆಂದು ಬರೆಸಬೇಕು.

ಮಳೆಯನ್ನು ಅಳೆಯಲು ಗೋಡೆ ನೆಟ್ಟಗಿರುವ ಒಂದು ಡಬ್ಬಿ ಸಾಕು. ಅದನ್ನು ಮರ, ಸೂರುಗಳಿಂದ ದೂರವಿಟ್ಟು ಪ್ರತಿದಿನ ಒಂದೇ ಹೊತ್ತಿಗೆ ನೋಡಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಗುಂಟೆ ಸುಮಾರು 101 ಚದರ ಮೀಟರ್ ಆಗುವುದರಿಂದ 10 ಮಿಲಿಮೀಟರ್ ಮಳೆಗೆ ಗುಂಟೆಯ ಮೇಲೆ ಸಾವಿರ ಲೀಟರಿಗೂ ಮಿಕ್ಕಿ ನೀರು ಬಿದ್ದಿರುತ್ತದೆ. ಗೊಬ್ಬರದ ಪಾಠವನ್ನೂ ಹೀಗೆಯೇ ಖಾಲಿ ಚೀಲದಿಂದ ಮಾಡಬಹುದು: 45 ಕಿಲೋ ಯೂರಿಯಾದಲ್ಲಿ 46 ಪ್ರತಿಶತ, ಅಂದರೆ 20.7 ಕಿಲೋ ಸಾರಜನಕ. ಕೀಟನಾಶಕದ ವಿಷಯ ಬಂದಾಗ ಡಬ್ಬಿಯನ್ನು ಶಾಲೆಗೆ ತರಿಸದೆ ಅದರ ಮೇಲಿನ ಗುರುತನ್ನಷ್ಟೇ ಚಿತ್ರದಲ್ಲಿ ತೋರಿಸಿ; ಕೆಂಪು, ಹಳದಿ, ನೀಲಿ, ಹಸಿರು ಎಂಬ ಇಳಿಕೆಯ ಕ್ರಮದಲ್ಲಿ ವಿಷದ ತೀವ್ರತೆಯನ್ನು ಅದು ಸೂಚಿಸುತ್ತದೆ.

ತಡವಾಗಿ ಬಂದವರಿಗೆ, ಮನೆಗೆಲಸ ಮಾಡದವರಿಗೆ ಶಿಕ್ಷೆಯೆಂದು ಕಳೆ ಕೀಳಿಸುವ ಅಭ್ಯಾಸ ಕೆಲವು ಶಾಲೆಗಳಲ್ಲಿದೆ. ಅದನ್ನು ಕಡ್ಡಾಯವಾಗಿ ನಿಲ್ಲಿಸಬೇಕು, ಏಕೆಂದರೆ ಶಿಕ್ಷೆಯಾದ ಕೆಲಸದಿಂದ ಯಾರೂ ವಿಜ್ಞಾನ ಕಲಿಯುವುದಿಲ್ಲ. ಕಳೆ ತೆಗೆಯುವ ದಿನ ಹುಡುಗ, ಹುಡುಗಿ, ಶಿಕ್ಷಕರು ಎಲ್ಲರೂ ಮಡಿಗಿಳಿಯಬೇಕು.

ಅಂಕ ಕೊಡುವಾಗ ಇಳುವರಿಯನ್ನು ನೋಡಬೇಡಿ. ಮಡಿಯ ಪುಸ್ತಕದಲ್ಲಿ ದಿನಾಂಕವಿದೆಯೇ, ಎಣಿಕೆಯನ್ನು ಅಂದೇ ಬರೆದಿದ್ದಾರೆಯೇ, ತಪ್ಪಿದ ದಿನವನ್ನು ಖಾಲಿ ಬಿಟ್ಟಿದ್ದಾರೆಯೇ ಅಥವಾ ಊಹಿಸಿ ತುಂಬಿದ್ದಾರೆಯೇ ಎಂಬುದನ್ನು ನೋಡಿ. ಪರೀಕ್ಷೆಯಲ್ಲಿ ‘ರೈಜೋಬಿಯಂ ಎಂದರೇನು’ ಎಂದು ಕೇಳುವ ಬದಲು, ಬೇರೆ ಶಾಲೆಯದೆಂದು ಆರು ಮಡಿಗಳ ಅಂಕಿಗಳನ್ನು ಕೊಟ್ಟು, ಇವುಗಳಿಂದ ಏನು ಹೇಳಬಹುದು, ಏನು ಹೇಳಲಾಗದು ಎಂದು ಕೇಳಿ.