ಮೂಕಿ ಮೇಲಿನ ತೂಕ: ಕಾರಿನ ಹಿಂದೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿದ ನನ್ನ ಅನುಭವ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಸಮುದ್ರದ ಹತ್ರ ಎಲ್ಲಾದ್ರೂ ಎರಡು ರಾತ್ರಿ ಟೆಂಟ್ ಹಾಕೋದು ನಮ್ಮನೇಲಿ ನಾಲ್ಕೈದು ವರ್ಷದ ರೂಢಿ. ಮಳೆ ನಿಂತ ಮೇಲೆ, ಅಡಿಕೆ ಕೊಯ್ಲಿನ ಗಡಿಬಿಡಿ ಮಧ್ಯ ಬಿಡುವು ಮಾಡ್ಕೊಂಡು ಎರಡ್ಮೂರು ಸಲ ಆದ್ರೂ ಹೋಗ್ತೀವಿ. ಮಕ್ಕಳು ಸಣ್ಣವರಿದ್ದಾಗ ಡಿಕ್ಕಿ ಸಾಕಾಗ್ತಿತ್ತು, ಈಗ ಅಮ್ಮನೂ ಬರ್ತಾರೆ, ಐದು ಜನ ಕೂತ್ಮೇಲೆ ಎರಡು ಟೆಂಟು, ಹಾಸಿಗೆ, ಕಂಬಳಿ, ಗ್ಯಾಸ್ ಒಲೆ, ಕುಕ್ಕರ್, ಟಾರ್ಪಾಲು, 20 ಲೀಟರಿನ ಎರಡು ನೀರಿನ ಕ್ಯಾನು ಇದೆಲ್ಲ ಎಲ್ಲಿ ಇಡೋದು. ಒಂದ್ಸಲ ಕಾರಿನ ತಲೆ ಮೇಲೆ ಕ್ಯಾರಿಯರ್ ಹಾಕಿ ಕಟ್ಟಿದ್ದೆ, ಘಟ್ಟದ ತಿರುವಲ್ಲಿ ಕಾರು ವಾಲೋದು ಕೈಗೇ ಗೊತ್ತಾಗ್ತಿತ್ತು, ಕುಮಟಾ ಮುಟ್ಟೋವರೆಗೂ ಅಮ್ಮ ಒಂದು ಮಾತಾಡಲಿಲ್ಲ. ಆವತ್ತೇ ಅಂದ್ಕೊಂಡೆ, ಭಾರ ಮೇಲೆ ಬೇಡ, ಕೆಳಗೆ ಇರ್ಲಿ, ಹಿಂದೆ ಒಂದು ಸಣ್ಣ ಗಾಡಿ ಕಟ್ಕೊಳ್ಳೋಣ ಅಂತ.

ವೆಲ್ಡಿಂಗ್ ಮಶಿನ್ ಮುಟ್ಟೋಕೆ ಮೊದ್ಲು ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಒಂದು ವಾಹನವೇ, ಹಿಂದೆ ಎಳ್ಕೊಂಡು ಹೋಗೋ ಡಬ್ಬ ಅಂತ ಅದನ್ನ ಬಿಡಲ್ಲ, ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು. ಹಾಗಾಗಿ ಡ್ರಾಯಿಂಗ್ ಹಿಡ್ಕೊಂಡು ಮೊದ್ಲು ಆರ್‌ಟಿಓ ಆಫೀಸಲ್ಲಿ ವಿಚಾರಿಸಿದೆ. ಕಾಗದದ ಕೆಲಸಕ್ಕೆ ಕಬ್ಬಿಣದ ಕೆಲಸಕ್ಕಿಂತ ಜಾಸ್ತಿ ದಿನ ಹಿಡೀತು, ಅಲ್ಲಿವರೆಗೆ ಟ್ರೇಲರ್ ನಮ್ಮ ತೋಟದ ರಸ್ತೆ ಬಿಟ್ಟು ಹೊರಗೆ ಹೋಗಿಲ್ಲ. ಇನ್ನೊಂದು, ನಿಮ್ಮ ಕಾರಿನ ಮ್ಯಾನುಯಲ್ ತೆಗ್ದು ಬ್ರೇಕ್ ಇಲ್ಲದ ಟ್ರೇಲರ್ ಎಷ್ಟು ಕೆಜಿ ಎಳೀಬಹುದು ಅನ್ನೋದನ್ನ ಓದಿ, ಕೆಲವು ಕಾರಿಗೆ ಎಳೀಲೇಬಾರ್ದು ಅಂತ ಬರ್ದಿರ್ತಾರೆ, ಹಾಗಿದ್ರೆ ಅಲ್ಲಿಗೇ ಬಿಟ್ಬಿಡಿ.

ಈಗ ಗಾಡಿ ವಿಷಯ. ಡಬ್ಬ ಐದು ಅಡಿ ಉದ್ದ, ಮೂರೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಊರಲ್ಲಿ ಯಾರಿಗೆ ಹೇಳಿದ್ರೂ ಗಟ್ಟಿ ಆಂಗಲ್ ಹಾಕ್ಸು, ಚಾನೆಲ್ ಹಾಕ್ಸು ಅಂತಾನೇ ಅಂದ್ರು, ಯಾಕಂದ್ರೆ ಅವರು ನೋಡಿರೋದು ಟ್ರ್ಯಾಕ್ಟರ್ ಟ್ರೇಲರ್. ನಾನು ಫ್ರೇಮಿಗೆ 40 ಎಂಎಂ ಚೌಕದ, 2 ಎಂಎಂ ದಪ್ಪದ ಕಬ್ಬಿಣದ ಪೈಪ್ ತಗೊಂಡೆ, ಅದು ಮೀಟರಿಗೆ ಎರಡೂವರೆ ಕೆಜಿ ಒಳಗೇ ಬರುತ್ತೆ, ಇಡೀ ಚೌಕಟ್ಟು 20 ಕೆಜಿ ದಾಟಲಿಲ್ಲ. ಮೂಕಿಗೆ, ಅಂದ್ರೆ ಡಬ್ಬದಿಂದ ಮುಂದೆ ಚಾಚಿ ಕಾರಿಗೆ ಸಿಕ್ಕಿಸೋ ಉದ್ದದ ತೋಳಿಗೆ, ಮಾತ್ರ 50 ಎಂಎಂ, 3 ಎಂಎಂ ದಪ್ಪದ್ದು, ಅದನ್ನ ಡಬ್ಬದ ಅಡಿಗೆ ಕೊನೇವರೆಗೂ ಒಯ್ದು ಪ್ರತಿ ಅಡ್ಡಪಟ್ಟಿಗೂ ಬೆಸುಗೆ ಹಾಕಿದ್ವಿ. ಬರೀ ಮುಂದಿನ ಪಟ್ಟಿಗೆ ಅಂಟ್ಸಿ ಬಿಟ್ರೆ ಘಟ್ಟದ ತಿರುವಿನ ತಿರುಚಾಟ ಪೂರ್ತಿ ಆ ಒಂದೇ ಜಾಗಕ್ಕೆ ಬೀಳುತ್ತೆ, ಒಂದಲ್ಲ ಒಂದಿನ ಬಿರುಕು ಬಿಡುತ್ತೆ. ನೆಲಕ್ಕೆ ಐಎಸ್ 710 ಗುರುತಿನ 9 ಎಂಎಂ ಮರೈನ್ ಪ್ಲೈ, ಸುತ್ತಲಿನ ಗೋಡೆಗೆ ಒಂದೂವರೆ ಎಂಎಂ ಅಲ್ಯೂಮಿನಿಯಂ ಶೀಟು, ಮೇಲೆ ಟಾರ್ಪಾಲು. ಶಿರಸಿ ಮಳೆಗೆ ಸಾದಾ ಪ್ಲೈ ಒಂದು ಮಳೆಗಾಲ ಹೊರಗೆ ಕೂತ್ರೆ ಹಪ್ಪಳದ ಥರ ಉಬ್ಬುತ್ತೆ, ಅಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ.

ಗಾಲಿಗೆ ಗುಜರಿಯಿಂದ ಮಾರುತಿ 800ರ ಹಿಂದಿನ ಹಬ್, ಅಂದ್ರೆ ಗಾಲಿಯನ್ನ ಬೋಲ್ಟ್ ಮಾಡಿ ಕೂರಿಸೋ, ಒಳಗೆ ಬೇರಿಂಗ್ ಇರೋ ನಡುಭಾಗ. ಮೊದ್ಲು ಓಮ್ನಿ ಹಿಂದಿನ ಆಕ್ಸಲ್ಲೇ ಪೂರ್ತಿ ತಗೊಳ್ಳೋಣ ಅಂದ್ಕೊಂಡಿದ್ದೆ, ಆದ್ರೆ ಓಮ್ನಿ ಹಿಂದಿನ ಗಾಲಿಯಿಂದ ಓಡೋ ಗಾಡಿ, ಅದರ ಮಧ್ಯ ಗೇರಿನ ಗುಂಡು ಇರುತ್ತೆ, ನಮಗೆ ಬೇಡದ ಭಾರ ಅದು. 800ರಲ್ಲಿ ಎಂಜಿನ್ ಶಕ್ತಿ ಹೋಗೋದು ಮುಂದಿನ ಗಾಲಿಗೆ, ಹಿಂದಿನವು ಸುಮ್ನೆ ಉರುಳ್ತವೆ, ಟ್ರೇಲರಿಗೆ ಬೇಕಾಗಿರೋದು ಅಷ್ಟೇ. 40 ಎಂಎಂ ಗಟ್ಟಿ ಚೌಕ ಸರಳಿನ ಎರಡು ತುದಿಗೆ ಆ ಹಬ್ ಕೂರಿಸಿ ಅಚ್ಚು (ಆಕ್ಸಲ್) ಮಾಡಿದ್ವಿ, 12 ಇಂಚಿನ ಗಾಲಿ.

ಸ್ಪ್ರಿಂಗಿನಲ್ಲಿ ತಪ್ಪಿದೆ. ಗೂಡ್ಸ್ ಆಟೋದ್ದು ಐದು ಎಲೆಯ ಪಟ್ಟಿ ಸ್ಪ್ರಿಂಗ್ ಸಿಕ್ತು ಅಂತ ಖುಷಿಯಾಗಿ ಹಾಕ್ಸಿದೆ, ತೋಟದ ರಸ್ತೇಲಿ ಖಾಲಿ ಗಾಡಿ ಎಳೆದ್ರೆ ಕಪ್ಪೆ ಥರ ಹಾರ್ತಿತ್ತು, ಗಾಲಿ ನೆಲ ಬಿಡೋದು ಕನ್ನಡೀಲೇ ಕಾಣ್ತಿತ್ತು. ಅರ್ಧ ಟನ್ ಹೊರೋ ಸ್ಪ್ರಿಂಗಿಗೆ ನೂರಿನ್ನೂರು ಕೆಜಿ ಯಾವ ಲೆಕ್ಕ, ಅದು ಬಗ್ಗೋದೇ ಇಲ್ಲ, ಎಲ್ಲಾ ಏಟು ಸೀದಾ ಫ್ರೇಮಿಗೆ. ಎರಡು ಎಲೆ ತೆಗ್ದು ಮೂರು ಮಾಡಿದ ಮೇಲೆ ಸರಿಹೋಯ್ತು. ಟಯರ್ ಗಾಳಿನೂ ಕಾರಿನಷ್ಟು ತುಂಬ್ಸಿದ್ದೆ, ಅದನ್ನೂ ಇಳ್ಸಿದೆ. ಹಗುರ ಗಾಡಿಗೆ ಎಲ್ಲಾನೂ ಮೆತ್ತಗೆ ಇರ್ಬೇಕು.

ಎಲ್ಲ ಆದ್ಮೇಲೆ ಅಡಿಕೆ ತೂಗೋ ಕಾಟಾ ಮೇಲೆ ಹತ್ತಿಸಿದ್ವಿ. 118 ಕೆಜಿ. ನಾನು ಹಾಕ್ಕೊಂಡ ಮಿತಿ 120 ಇತ್ತು, ಆವತ್ತು ನನಗಾದ ಸಂತೋಷ ಹೇಳತೀರದು. ಒಬ್ಬನೇ ಮೂಕಿ ಎತ್ತಿ ಅಂಗಳದಲ್ಲಿ ಎಲ್ಲಿಗೆ ಬೇಕಾದ್ರೂ ತಿರುಗಿಸ್ಬಹುದು. ಇದರ ಉಪಯೋಗ ಆಮೇಲೆ ಬಹಳ ಗೊತ್ತಾಯ್ತು, ಯಾಕಂದ್ರೆ ಗಿಡ್ಡ ಟ್ರೇಲರನ್ನ ರಿವರ್ಸ್ ತಗೊಳ್ಳೋದು ಕಷ್ಟ, ಸ್ಟೀರಿಂಗ್ ಕೆಳಭಾಗ ಹಿಡಿದು ಟ್ರೇಲರ್ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ಒಯ್ದರೆ ಸರಿಹೋಗುತ್ತೆ, ಆದ್ರೆ ಒಂಚೂರು ಜಾಸ್ತಿ ಆದ್ರೂ ಮಡಚ್ಕೊಳ್ಳುತ್ತೆ. ಇಕ್ಕಟ್ಟಿನ ಜಾಗ ಬಂದ್ರೆ ನಾನು ಬಿಚ್ಚಿ ಕೈಯಲ್ಲೇ ತಳ್ತೀನಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇದಕ್ಕೋಸ್ಕರವೇ ಇಷ್ಟು ಬರೆದದ್ದು.

ನೋಂದಣಿ ಆಗಿ ಮೊದಲನೇ ಟ್ರಿಪ್, ಅಂಕೋಲಾ ಹತ್ರ ಪರಿಚಯದವರ ತೆಂಗಿನ ತೋಟಕ್ಕೆ. ಘಟ್ಟ ಎರಡನೇ ಗೇರಲ್ಲೇ ಇಳಿದೆ, ಏನೂ ತೊಂದರೆ ಆಗಲಿಲ್ಲ. ಕುಮಟಾದಲ್ಲಿ ಚಾ ಕುಡಿದು ಹೆದ್ದಾರಿಗೆ ಬಂದು ಮಿರ್ಜಾನ್ ದಾಟಿದ ಮೇಲೆ ರಸ್ತೆ ಚೆನ್ನಾಗಿತ್ತಲ್ಲ, 65ಕ್ಕೆ ಹೋದೆ. ಒಂದು ದೊಡ್ಡ ಲಾರಿ ಪಕ್ಕದಿಂದ ಹಾದು ಹೋಯ್ತು ನೋಡಿ, ಅದರ ಗಾಳಿಗೆ ಟ್ರೇಲರ್ ಬಾಲ ಎಡಕ್ಕೆ ಹೋಯ್ತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ಜಾಸ್ತಿ, ಕಾರಿನ ಹಿಂಭಾಗವನ್ನೇ ಎಳೆದಾಡೋಕೆ ಶುರುವಾಯ್ತು. ಹಿಂದೆ ಮಕ್ಕಳು. ಬ್ರೇಕ್ ಜೋರಾಗಿ ಒತ್ತಬಾರ್ದು, ಸ್ಟೀರಿಂಗ್ ಆಕಡೆ ಈಕಡೆ ತಿರುಗಿಸಿ ಸರಿಮಾಡೋಕೂ ಹೋಗ್ಬಾರ್ದು ಅಂತ ಮೊದ್ಲೇ ತಿಳ್ಕೊಂಡಿದ್ದೆ, ಸ್ಟೀರಿಂಗ್ ನೆಟ್ಟಗೆ ಹಿಡ್ಕೊಂಡು ಆಕ್ಸಿಲರೇಟರಿಂದ ಕಾಲು ತೆಗ್ದೆ ಅಷ್ಟೇ, 45ಕ್ಕೆ ಇಳಿಯೋ ಹೊತ್ತಿಗೆ ತಾನೇ ಅಡಗಿತು. ಬದಿಗೆ ಹಾಕಿ ನಿಲ್ಲಿಸಿದಾಗ ನನ್ನ ಕೈ ನಡುಗ್ತಿತ್ತು.

ಬಾಲ್ ಅಂದ್ರೆ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಗುಂಡು, ಅದರಿಂದ ಮೂಕಿ ಬಿಚ್ಚಿ ಎತ್ತಿ ನೋಡಿದೆ, ಎರಡು ಬೆರಳಲ್ಲಿ ಮೇಲೆ ಬಂತು. ತಕ್ಷಣ ಅರ್ಥ ಆಯ್ತು. ನೀರಿನ ಕ್ಯಾನು ಎರಡೂ ಹಿಂದಿನ ಬಾಗಿಲ ಹತ್ರ ಇಟ್ಟಿದ್ದೆ, ಇಳ್ಸೋಕೆ ಸುಲಭ ಅಂತ. 40 ಕೆಜಿ ಬಾಲದ ತುದೀಲಿ ಕೂತು ಮೂಕಿಯನ್ನ ಮೇಲೆತ್ತಿತ್ತು. ನಮ್ಮಜ್ಜನ ಕಾಲದಲ್ಲಿ ಎತ್ತಿನಗಾಡಿಗೆ ಹೇರು ತುಂಬ್ತಾ ಮೂಕಿ ಏಳ್ತದೆ ಮುಂದೆ ಹಾಕು ಅಂತ ಕೂಗೋದು ನಾನೂ ಕೇಳಿ ಬೆಳೆದವನು, ಹಿಂದೆ ಭಾರ ಆದ್ರೆ ನೊಗ ಎತ್ತಿನ ಕುತ್ತಿಗೆ ಬಿಟ್ಟು ಮೇಲೆ ಹೋಗುತ್ತೆ, ಮುಂದೆ ಜಾಸ್ತಿ ಆದ್ರೆ ಎತ್ತು ಸೋಲುತ್ತೆ. ಅದೇ ಲೆಕ್ಕ ಇಲ್ಲೂ. ಕಾರಿನ ಬಾಲ್ ಮೇಲೆ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಕೂತ್ರೆ ಟ್ರೇಲರ್ ನೆಟ್ಟಗೆ ಹಿಂಬಾಲಿಸುತ್ತೆ, ಅದಕ್ಕಿಂತ ತೀರಾ ಕಮ್ಮಿ ಆದ್ರೆ ಬಾಲ ಬೀಸುತ್ತೆ, ವೇಗ ಏರಿದಷ್ಟೂ ಆ ಬೀಸು ತಾನೇ ಬೆಳೀತಾ ಹೋಗುತ್ತೆ. ಆದ್ರೆ ಬಾಲಿಗೂ ಒಂದು ಮಿತಿ ಇರುತ್ತೆ, ಅದನ್ನ ದಾಟಬಾರ್ದು, ಕಾರಿನ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರಾಗುತ್ತೆ.

ಮನೆಗೆ ಬಂದು ಅದೇ ಸಾಮಾನು ಅದೇ ಥರ ತುಂಬ್ಸಿ ಅಳೆದೆ. ಸಾದಾ ತೂಕದ ಮಶಿನ್, ನಾವು ನಿಂತು ನೋಡ್ತೀವಲ್ಲ ಅದು, ಅದರ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರ ಇರುತ್ತೋ ಅಷ್ಟೇ ಎತ್ತರಕ್ಕೆ ಮೂಕಿ ತುದಿ ಕೂರಿಸ್ಬೇಕು. ಒಟ್ಟು 230 ಕೆಜಿ ಗಾಡಿಗೆ ಮೂಕಿ ಮೇಲೆ ಬರೀ 3 ಕೆಜಿ! ಕ್ಯಾನು ಎರಡನ್ನೂ ಒಂದು ಮೀಟರ್ ಮುಂದೆ ಸರಿಸಿದೆ, 25 ಬಂತು. ಲೆಕ್ಕ ಹಾಕಿದ್ರೂ ಅಷ್ಟೇ ಬರುತ್ತೆ, ನನ್ನ ಅಚ್ಚಿಂದ ಬಾಲಿಗೆ 1.8 ಮೀಟರ್, 40 ಕೆಜಿ ಒಂದು ಮೀಟರ್ ಮುಂದೆ ಬಂದ್ರೆ 40ನ್ನ 1.8ರಿಂದ ಭಾಗಿಸಿ, 22 ಕೆಜಿ ಮೂಕಿಗೆ ಸೇರುತ್ತೆ. ಒಂದು ಗ್ರಾಂ ತೂಕ ಬದಲಾಗಿಲ್ಲ, ಜಾಗ ಬದಲಾಗಿದ್ದಷ್ಟೇ. 118 ಕೆಜಿಗೆ ಇಳ್ಸೋಕೆ ಎರಡು ತಿಂಗಳು ತಲೆ ಕೆಡಿಸ್ಕೊಂಡ ನಾನು ಈ ಹತ್ತು ನಿಮಿಷದ ಕೆಲಸ ಮಾಡದೇ ಮಕ್ಕಳನ್ನ ಕೂರಿಸ್ಕೊಂಡು ಹೋಗಿದ್ದೆ, ಅದು ನನಗೆ ಈಗ್ಲೂ ಚುಚ್ಚುತ್ತೆ. ದಯವಿಟ್ಟು ಪ್ರತಿ ಸಲ ತುಂಬಿದ ಮೇಲೂ ಅಳೀರಿ.

ಅಚ್ಚನ್ನ ನಾನು ಡಬ್ಬದ ಸರಿ ಮಧ್ಯಕ್ಕೆ ಕೂರಿಸಿದ್ದೂ ತಪ್ಪೇ, ಸಾಮಾನು ಸ್ವಲ್ಪ ಹಿಂದೆ ಮುಂದೆ ಆದ್ರೂ ಮೂಕಿ ತೂಕ ಕೈ ಕೊಡುತ್ತೆ. ಸ್ಪ್ರಿಂಗ್ ಕೊಂಡಿ ಕತ್ತರಿಸಿ ನಾಲ್ಕು ಇಂಚು ಹಿಂದೆ ಹಾಕ್ಸಿದೆ. ನೀವು ಮಾಡೋದಾದ್ರೆ ಆ ಕೊಂಡಿಗಳನ್ನ ಬೆಸುಗೆ ಹಾಕ್ಬೇಡಿ, ಸಾಲಾಗಿ ತೂತು ಇರೋ ಪಟ್ಟಿಗೆ ಬೋಲ್ಟ್ ಮಾಡಿ, ಆಮೇಲೆ ಸರಿಸೋಕೆ ಬರುತ್ತೆ.

ವೈರಿಂಗ್ ಬಗ್ಗೆ ಸ್ವಲ್ಪ. ಏಳು ಪಿನ್ನಿನ ಸಾಕೆಟ್ ಹಾಕ್ಸಿದೆ, ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್ ಲೈಟ್, ಕಪ್ಪು ಮತ್ತು ಕಂದು ಹಿಂದಿನ ದೀಪ, ಬಿಳಿ ಅರ್ತ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್. ಮೊದ್ಲು ಅರ್ತ್ ವೈರ್ ಎಳೆದಿರಲಿಲ್ಲ, ಬಾಲ್ ಕಬ್ಬಿಣ ಮೂಕಿ ಕಬ್ಬಿಣ, ಹೇಗೂ ತಾಗ್ಕೊಂಡಿರುತ್ತಲ್ಲ ಅಂತ. ಬಾಲಿಗೆ ಗ್ರೀಸ್ ಹಚ್ಚಿದ ಮೇಲೆ ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣಮಿಣ ಅನ್ನೋಕೆ ಶುರು. ಬಿಳಿ ವೈರ್ ಬೇರೆನೇ ಎಳೀರಿ. ಸೇಫ್ಟಿ ಚೈನ್ ಎರಡು, ಮೂಕಿ ಅಡಿಗೆ ಅಡ್ಡಡ್ಡ ದಾಟಿಸಿ ಹಾಕ್ಬೇಕು, ಮೂಕಿ ಕಳಚಿದ್ರೂ ರಸ್ತೆಗೆ ಊರದೆ ಚೈನ್ ತೊಟ್ಟಿಲಲ್ಲಿ ಕೂರುತ್ತೆ.

ಕರಾವಳಿಗೆ ಒಯ್ಯೋರಿಗೆ ಇನ್ನೊಂದು. ಉಪ್ಪಿನ ಗಾಳಿಯಲ್ಲಿ ಅಲ್ಯೂಮಿನಿಯಮ್ಮೂ ಕಬ್ಬಿಣವೂ ನೇರ ತಾಗಿದ್ರೆ ಅಲ್ಯೂಮಿನಿಯಂ ಬಿಳಿ ಪುಡಿ ಆಗಿ ತಿಂದುಹೋಗುತ್ತೆ, ನಾನು ಸೈಕಲ್ ಟ್ಯೂಬ್ ಕತ್ತರಿಸಿ ಎರಡರ ಮಧ್ಯ ಪಟ್ಟಿ ಕೊಟ್ಟೆ. ಪೈಪಿನ ಬಾಯೆಲ್ಲ ಮುಚ್ಚಿ ತಳದಲ್ಲಿ ಸಣ್ಣ ತೂತು ಬಿಟ್ಟಿದ್ದೀನಿ, ಒಳಗೆ ಬೆವರಿದ ನೀರು ಇಳಿದು ಹೋಗ್ಲಿ ಅಂತ. ಓಡಿ ಬಂದ ಗಾಲಿಯ ಬಿಸಿ ಹಬ್ ಅನ್ನ ಹಳ್ಳಕ್ಕೋ ಉಪ್ಪುನೀರಿಗೋ ಇಳಿಸ್ಬೇಡಿ, ತಣ್ಣಗಾಗ್ತಾ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳ್ಕೊಳ್ಳುತ್ತೆ, ಬೇರಿಂಗ್ ಹೋಯ್ತು ಅಂತಾನೇ ಲೆಕ್ಕ.

ಈ ಜನವರಿಯಲ್ಲಿ ಕಾರವಾರ ದಾಟಿ ಮಾಜಾಳಿವರೆಗೆ ಹೋಗಿ ಬಂದ್ವಿ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಲ್ಲಿ ಬಿದ್ದ ಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ, ಎದುರಿಂದ ಲಾರಿ ಮೇಲೆ ಲಾರಿ, ಬದಿಯಿಂದ ಸಮುದ್ರದ ಗಾಳಿ. 40ರಲ್ಲಿ ಹೋದೆ, ಕಣ್ಣು ಪೂರ್ತಿ ಕನ್ನಡಿ ಮೇಲೆ. ಟ್ರೇಲರ್ ಮೂಲೆಗೆ ಕಟ್ಟಿದ ಕೆಂಪು ಬಾವುಟ ಪಟಪಟ ಅಂತಿತ್ತು, ಗಾಡಿ ಮಾತ್ರ ಗೆರೆ ಎಳೆದ ಹಾಗೆ ಹಿಂದೆ ಬಂತು.

ಒಂದು ಕೆಲಸ ಬಾಕಿ ಇದೆ. ನನ್ನ ಟ್ರೇಲರ್ ಗಾಲಿಗಳ ಅಂತರ ಕಾರಿಂದಕ್ಕಿಂತ ಒಂದಡಿ ಕಮ್ಮಿ, ಡಾಂಬರಲ್ಲಿ ಗೊತ್ತಾಗಲ್ಲ, ತೋಟದ ರಸ್ತೇಲಿ ಕಾರಿನ ಗಾಲಿ ಜಾಡಿನಲ್ಲಿ ಹೋದ್ರೆ ಟ್ರೇಲರಿಂದು ಒಂದು ಜಾಡಿಗೆ ಇಳಿದು ಇನ್ನೊಂದು ನಡುವಿನ ದಿಬ್ಬ ಹತ್ತುತ್ತೆ, ಕುಕ್ಕರ್ ಪಾತ್ರೆ ಎಲ್ಲ ಒಂದು ಕಡೆ ಜಾರುತ್ತೆ. ಉದ್ದದ ಸರಳು ತಂದಿಟ್ಟಿದ್ದೀನಿ, ಆರ್‌ಟಿಓದಲ್ಲಿ ಕೇಳ್ಕೊಂಡು ಮಳೆಗಾಲದಲ್ಲಿ ಅಚ್ಚು ಬದಲಾಯಿಸ್ಬೇಕು.